ಉಸ್ತಾದನ ನಟ್ಟು

ಹಳೆಯ ಧೋತರದ ತುಂಡಿನಲ್ಲಿ ಗಂಟು ಕಟ್ಟಿದ ವಿಭೂತಿಯನ್ನು ಭೀಮವ್ವ ಇಂಜಿನ್ನಿನ ಎಡಮಗ್ಗುಲಿಗೆ ಮೆಲ್ಲಗೆ ತಟ್ಟುತ್ತಿದ್ದಾರೆ. ಬಲಮಗ್ಗುಲು ಆಗಲೇ ಬೆಳ್ಳಗಾಗಿದೆ. ಕೃಷ್ಣೆಯ ಮೇಲೆ ಇನ್ನೂ ಬಿಸಿಲು ಬಿದ್ದಿಲ್ಲ. ನೀರಿಗೂ ಆಕಾಶಕ್ಕೂ ಒಂದೇ ಬಣ್ಣ. ದಡಕ್ಕೆ ಕಟ್ಟಿದ ಬೋಟಿನ ನಟ್ಟನಡುವೆ, ಹಲಗೆ ತೆಗೆದ ಗುಂಡಿಯಲ್ಲಿ ಅವರು ಮೊಣಕಾಲೂರಿ ಕೂತಿದ್ದಾರೆ. ಸೆರಗು ಸೊಂಟಕ್ಕೆ ಬಿಗಿದಿದೆ, ಬಳೆಗಳು ಮೊಣಕೈಗೆ ಏರಿವೆ. ನಿನ್ನೆ ಸಂಜೆಯೇ ಇಂಜಿನ್ನನ್ನು ಡೀಸೆಲ್ಲಿನಲ್ಲಿ ತೊಳೆದು, ಒರೆಸಿ, ಒಣಗಲು ಬಿಟ್ಟಿದ್ದರು. ಈಗ ಮೈತುಂಬ ಬೂದಿ ಬಳಿದುಕೊಂಡ ಅದು ಸ್ನಾನ ಮುಗಿಸಿ ಕೂತ ಹಿರಿಯರ ಹಾಗೆ ಕಾಣುತ್ತದೆ.

ಹೊಳೆಯ ನಡುಗಡ್ಡೆಯಾದ ಜಾಲಿಗಡ್ಡಿಗೆ ಹೋಗಲು ದಡದಲ್ಲಿ ಕಾದಿರುವ ಲಾಲಮ್ಮ ಕಾಯಿಪಲ್ಯದ ಬುಟ್ಟಿ ಇಳಿಸಿ, ಬಗ್ಗಿ ನೋಡುತ್ತಾರೆ.

“ಭೀಮವ್ವ, ಇಂಜಿನ್ನಿಗೆ ದೀಕ್ಷಾ ಕೊಡಾಕತ್ತಿಯೇನು?”

“ಹೌದು. ಇನ್ನ ಮ್ಯಾಲ ಕುಡಿಯೋದು ಬಿಡ್ತದಂತ.”

“ಹಂಗಾದ್ರ ನಮ್ಮ ಮನ್ಯಾಗಿನವಗೂ ಒಂದೀಟು ಬಡಿ. ಪುಣ್ಯ ಬರ್ತದ.”

ದಡದಲ್ಲಿದ್ದವರೆಲ್ಲ ನಗುತ್ತಾರೆ. ಭೀಮವ್ವ ನಗುವುದಿಲ್ಲ, ಆದರೆ ತಟ್ಟುವ ಕೈ ಒಂದು ಗಳಿಗೆ ನಿಲ್ಲುತ್ತದೆ.

ಇದು ಪೂಜೆಯಲ್ಲ, ಪತ್ತೆ. ಹಳೆಯ ಇಂಜಿನ್ನು ಎಣ್ಣೆ ಸುರಿಸುತ್ತಿದ್ದರೆ, ಹನಿ ಬಿದ್ದ ಜಾಗ ನೋಡಿದವರು ಮೋಸಹೋಗುತ್ತಾರೆ. ಒಳಗಿಂದ ಹೊರಬಿದ್ದ ಎಣ್ಣೆ ಕಬ್ಬಿಣದ ಮೈಗುಂಟ ಹರಿದು, ಚಕ್ರದ ಗಾಳಿಗೆ ಸಿಕ್ಕಿ, ಎಲ್ಲೋ ಹುಟ್ಟಿ ಎಲ್ಲೋ ತೊಟ್ಟಿಕ್ಕುತ್ತದೆ. ಆದ್ದರಿಂದ ಮೊದಲು ಒಣಗಿಸಿ, ಬೂದಿ ಬಳಿದು, ಆಮೇಲೆ ಚಾಲೂ ಮಾಡಬೇಕು. ಬಿಳಿಯ ಮೇಲೆ ಕರಿಯ ಗೆರೆ ಮೊದಲು ಎಲ್ಲಿ ಮೂಡುತ್ತದೋ ಅದೇ ತವರು. “ಹೆಣ್ಣುಮಕ್ಕಳ ಕಣ್ಣೀರು ಇದ್ದಂಗ್ರಿ ಇದು. ಒಲಿ ಮುಂದ ಅತ್ರ ಹೊಗಿ ಕಾರಣ ಅಂತೀರಿ. ಖರೇ ಕಾರಣ ಎಲ್ಲೋ ಹಿಂದ ಇರ್ತದ,” ಅನ್ನುತ್ತಾರೆ ಭೀಮವ್ವ.

ಬೋಟು ನಡೆಸುವ ತಿರುಪತಿ ಹ್ಯಾಂಡಲ್ ತಿರುಗಿಸುತ್ತಾರೆ. ಇಂಜಿನ್ನು ಎರಡು ಸಲ ಕೆಮ್ಮಿ ಹೊತ್ತಿಕೊಳ್ಳುತ್ತದೆ. ಎಲ್ಲರೂ ಅದರ ಸದ್ದು ಕೇಳುತ್ತಿದ್ದರೆ ಭೀಮವ್ವ ಮಾತ್ರ ಕಣ್ಣು ಮಿಟುಕಿಸದೆ ಬಿಳಿಯ ಮೈಯನ್ನೇ ನೋಡುತ್ತಾರೆ. ನಾಲ್ಕು ನಿಮಿಷ, ಐದು. ಎಡಮಗ್ಗುಲಲ್ಲಿ ಆರು ನಟ್ಟುಗಳಿಂದ ಬಿಗಿದ ತಗಡಿನ ಮುಚ್ಚಳವೊಂದಿದೆ. ಅದರ ಕೆಳಗಿನ ಹಿಂದಿನ ಮೂಲೆಯಲ್ಲಿ ಕೂದಲೆಳೆಯಂಥ ಕರಿ ಗೆರೆ ಕಾಣಿಸಿಕೊಂಡು, ದಪ್ಪವಾಗಿ, ಕೆಳಗಿಳಿಯುತ್ತದೆ.

“ಬಂದ್ ಮಾಡು ತಿರುಪತಿ.”

“ಸಿಕ್ತೇನು ಅತ್ತಿ? ಎಲ್ಲಿ ಅದ?”

“ಹೋದ ಸಲ ಇದ್ದಲ್ಲೇ ಅದ.”

ತಿರುಪತಿಯ ಮುಖ ಸಣ್ಣದಾಗುತ್ತದೆ. ಯುಗಾದಿಯಿಂದೀಚೆಗೆ ಇದೇ ಮೂಲೆ ಮೂರನೇ ಸಲ ಸೋರುತ್ತಿದೆ. ನಾಳೆ ಮುಂಜಾನೆ ಬೋಟು ಸಮಿತಿಯವರು ಪರೀಕ್ಷೆ ಮಾಡುವವರಿದ್ದಾರೆ. ಸೋರಿದ ಎಣ್ಣೆ ಬೋಟಿನ ತಳದ ನೀರಿಗೆ ಸೇರುತ್ತದೆ, ಆ ನೀರನ್ನು ಡಬ್ಬಿಯಿಂದ ಹೊಳೆಗೆ ಚೆಲ್ಲುತ್ತಾರೆ, ಗಡ್ಡಿಯ ಹೆಂಗಸರು ಕೊಡ ಮುಳುಗಿಸುವ ಜಾಗದಲ್ಲೇ ಬಣ್ಣಬಣ್ಣದ ಪದರ ತೇಲುತ್ತದೆ. ಸಮಿತಿಯ ಹಿರಿಯ ಲಿಂಗಣ್ಣ ಬಟ್ಟೆ ವ್ಯಾಪಾರಿ, ಮಾತು ಅಳೆದು ಕತ್ತರಿಸುವವರು. ಅವರ ಪರೀಕ್ಷೆ ಇಷ್ಟೇ: ಇಂಜಿನ್ನಿನ ಕೆಳಗೆ ಬಿಳಿ ದಸ್ತಿ, ಅಂದರೆ ಕರವಸ್ತ್ರ, ಹಾಸುವುದು, ಎರಡು ಸಲ ಹೊಳೆ ದಾಟಿ ಬರುವುದು. ದಸ್ತಿಯ ಮೇಲೆ ಒಂದು ಹನಿ ಬಿದ್ದರೂ ಈ ಇಂಜಿನ್ನು ಗುಜರಿಗೆ. ಅದರ ಬದಲು ಬೋಟಿನ ಹಿಂಬದಿಗೆ ನೇತುಹಾಕುವ ಹೊಸ ಇಂಜಿನ್ನು ಬರುತ್ತದೆ. ಅದನ್ನು ಬಿಚ್ಚಲು ಕಂಪನಿಯ ಜನರೇ ಬರಬೇಕು. ಭೀಮವ್ವನಂಥವರು ಅದಕ್ಕೆ ಕೈ ಹಚ್ಚುವ ಹಾಗಿಲ್ಲ.

ಲಾಲಮ್ಮ ಬುಟ್ಟಿ ಎತ್ತಿಕೊಂಡು ಹುಟ್ಟು ಹಾಕುವ ದೋಣಿಯತ್ತ ನಡೆಯುತ್ತಾರೆ. ಇವತ್ತಿಡೀ ಗಡ್ಡಿಯವರಿಗೆ ಅದೇ ಗತಿ. ಇಂಜಿನ್ನಿನ ಬೋಟು ಇಪ್ಪತ್ತು ನಿಮಿಷದಲ್ಲಿ ದಾಟಿಸುವ ನೀರನ್ನು ಅದು ಒಂದು ತಾಸು ದಾಟಿಸುತ್ತದೆ.

ಭೀಮವ್ವ ಹುಟ್ಟಿದ್ದು ಶಹಾಪುರದ ಕಡೆ, ವನದುರ್ಗದಲ್ಲಿ. ಕೋಟೆಯ ಗೋಡೆಗೆ ಬೆರಣಿ ತಟ್ಟಿ ಬೆಳೆದ ಹುಡುಗಿ. ಹದಿನೇಳರಲ್ಲಿ ಸುರಪುರ ತಾಲೂಕಿನ ಈ ಹೊಳೆದಂಡೆಗೆ ಸೊಸೆಯಾಗಿ ಬಂದಾಗ ಈಜು ಬರುತ್ತಿರಲಿಲ್ಲ, ದೋಣಿ ಕಂಡಿರಲಿಲ್ಲ. ಗಂಡ ವೆಂಕಪ್ಪ ಆಗಲೇ ‘ಮಿಸ್ತ್ರಿ’ ಅನ್ನಿಸಿಕೊಂಡಿದ್ದರು. ಎರಡೂ ದಂಡೆಗಳಲ್ಲಿ ನೀರೆತ್ತುವ ಡೀಸೆಲ್ ಇಂಜಿನ್ನುಗಳು ನಲವತ್ತಕ್ಕೂ ಹೆಚ್ಚಿದ್ದ ಕಾಲ. ಊಟದ ಬುತ್ತಿ ಒಯ್ದು ಕೊಟ್ಟು, ಅವರು ಉಣ್ಣುವ ತನಕ ಕೂರಬೇಕಾಗಿತ್ತು. ಕೂತವರ ಕೈಗೆ ಮೊದಲು ಒರೆಸುವ ಬಟ್ಟೆ ಬಂತು, ಆಮೇಲೆ ನಟ್ಟು ತಿರುಗಿಸುವ ಪಾನಾ ಬಂತು.

“ಕಲಿಸ್ತೀನಿ ಅಂತ ಅವ್ರೂ ಅನ್ಲಿಲ್ಲ, ಕಲೀತೀನಿ ಅಂತ ನಾನೂ ಅನ್ಲಿಲ್ಲ. ಅವ್ರ ಕೈ ದೊಡ್ಡದು, ಸಂದ್ಯಾಗ ಹೋಗ್ತಿದ್ದಿಲ್ಲ. ನಂದು ಹೋಗ್ತಿತ್ತು. ಅಷ್ಟ.”

ಈಗ ಅವರಿಗೆ ನಲವತ್ತೇಳು. ದಂಡೆಯ ಪಂಪುಗಳಿಗೆ ಕರೆಂಟು ಬಂದು, ಅವರ ಕೈಗೆ ಬರುವ ಇಂಜಿನ್ನುಗಳು ಒಂಬತ್ತಕ್ಕೆ ಇಳಿದಿವೆ. ಅವುಗಳಲ್ಲಿ ದೊಡ್ಡದು, ಹಳೆಯದು, ಬೋಟಿನದೇ. ದಿನಕ್ಕೆ ಹನ್ನೊಂದು ಸಲ ಹೊಳೆ ದಾಟಿ ಬರುತ್ತದೆ. ಸೋರುವ ದಿನ ನಿಮಿಷಕ್ಕೆ ಎಷ್ಟು ಹನಿ ಎಂದು ಭೀಮವ್ವ ಬೆರಳು ಮಡಚಿ ಎಣಿಸುತ್ತಾರೆ. ಹತ್ತರೊಳಗಿದ್ದರೆ ‘ಬೆವರು’, ಹತ್ತು ದಾಟಿದರೆ ‘ರೋಗ’. ನಿನ್ನೆ ಹದಿನಾಲ್ಕಿತ್ತು.

ಬೋನಾಳದ ರೈತರೊಬ್ಬರ ಪಂಪಿನ ಕಥೆಯನ್ನು ದಂಡೆಯ ಜನ ಈಗಲೂ ಹೇಳುತ್ತಾರೆ. ಆ ಇಂಜಿನ್ನು ಒಂದು ಕಡೆಯಲ್ಲ, ಎಲ್ಲ ಕಡೆಯಿಂದಲೂ ಎಣ್ಣೆ ಕಾರುತ್ತಿತ್ತು. ಯಾವ ಸೀಲು ಬದಲಿಸಿದರೂ ಇನ್ನೊಂದರಿಂದ ಬರುತ್ತಿತ್ತು. ಭೀಮವ್ವ ಹೋಗಿ ಪಾನಾ ಮುಟ್ಟದೆ ಅರ್ಧ ತಾಸು ಸುತ್ತ ತಿರುಗಿದರು. ಮೇಲೆ ಗುಂಡು ಗುಬಟಿಯಂಥ ಒಂದು ಪುಟ್ಟ ಮುಚ್ಚಳವಿತ್ತು, ಇಂಜಿನ್ನಿನ ಒಳಗಿನ ಬಿಸಿ ಗಾಳಿ ಹೊರಗೆ ಹೋಗುವ ದಾರಿ. ಮನೆಯವರು ಅದನ್ನು ಇಂಜಿನ್ನಿನ ತಲೆ ಎಂದು ತಿಳಿದು, ಅಮಾಸಿಗೊಮ್ಮೆ ಎಣ್ಣೆ ಕುಂಕುಮ ಹಚ್ಚಿ ಹಚ್ಚಿ ತೂತುಗಳನ್ನೆಲ್ಲ ಮುಚ್ಚಿಬಿಟ್ಟಿದ್ದರು. ಭೀಮವ್ವ ಕೂದಲಪಿನ್ನಿನಿಂದ ಅದನ್ನು ಕೆದರಿದರು, ಸೋರಿಕೆ ನಿಂತಿತು. “ತಲಿ ಅಲ್ರೀ ಯಪ್ಪಾ, ಅದು ಮೂಗು. ಮೂಗು ಮುಚ್ಚಿದ್ರ ಯಾರಾದ್ರೂ ಎಲ್ಲಿಂದಾದ್ರೂ ಉಸಿರು ಬಿಡಬೇಕಲ್ಲ,” ಎಂದು ಆ ಮನೆಯ ಯಜಮಾನರಿಗೆ ಹೇಳಿ ಬಂದರಂತೆ.

ಊರಲ್ಲಿ ಮಾತ್ರ ಅದು ‘ವೆಂಕಪ್ಪ ಮಿಸ್ತ್ರಿ ಮಾಡಿದ ಕೆಲಸ’. ಅದಕ್ಕೊಂದು ಕಾರಣವಿದೆ. ವೆಂಕಪ್ಪನವರಿಗೆ ಕೆಲಸ ಕಲಿಸಿದವರು ಶಹಾಪುರದ ರಾಜಾಸಾಬ ಎಂಬ ಉಸ್ತಾದರು. ಅವರ ಪದ್ಧತಿಯಲ್ಲಿ ಶಿಷ್ಯ ಇಡೀ ಇಂಜಿನ್ನು ಕಟ್ಟಿದರೂ ಕಡೆಯ ಒಂದು ನಟ್ಟನ್ನು ಬಿಗಿಯದೆ ಬಿಡಬೇಕು. ಉಸ್ತಾದ ಬಂದು, ಸುತ್ತ ಒಮ್ಮೆ ನೋಡಿ, ಅದನ್ನು ತನ್ನ ಕೈಯಿಂದ ಬಿಗಿದರೆ ಕೆಲಸ ಪಾಸು. ಅದಕ್ಕೇ ‘ಉಸ್ತಾದನ ನಟ್ಟು’ ಎಂದು ಹೆಸರು. ಯಾರ ಕೈ ಅದನ್ನು ಬಿಗಿಯುತ್ತದೋ ಕೆಲಸ ಅವರದು. ರಾಜಾಸಾಬರು ತೀರಿಕೊಂಡ ಮೇಲೆ ವೆಂಕಪ್ಪ ಉಸ್ತಾದರಾದರು, ಭೀಮವ್ವ ನಟ್ಟು ಉಳಿಸುವವರಾದರು.

ಏಳು ವರ್ಷದ ಹಿಂದೆ ವೆಂಕಪ್ಪನವರಿಗೆ ಸಕ್ಕರೆ ಕಾಯಿಲೆ ಗೊತ್ತಾಯಿತು. ಮೊದಲು ಕಾಲು ಜೋಮು ಹಿಡಿಯಿತು, ಆಮೇಲೆ ಬೆರಳು. ಈಗ ತೋಳಿನಲ್ಲಿ ಎತ್ತಿನ ಕಸುವಿದೆ, ಬೆರಳ ತುದಿಯಲ್ಲಿ ಏನೂ ಇಲ್ಲ. ಹಬೆಯಾಡುವ ಚಹಾದ ಗ್ಲಾಸನ್ನು ಹಿಡಿದು ಮಾತಾಡುತ್ತ ಕೂತು ಅಂಗೈ ಬೊಬ್ಬೆ ಎಬ್ಬಿಸಿಕೊಂಡ ದಿನದಿಂದ, ಭೀಮವ್ವ ಗ್ಲಾಸನ್ನು ಮೊದಲು ತಮ್ಮ ಕೆನ್ನೆಗೆ ಮುಟ್ಟಿಸಿಕೊಂಡೇ ಅವರಿಗೆ ಕೊಡುತ್ತಾರೆ. ಪಾನಾ ಕೈಬಿಟ್ಟು ಹೋಗುತ್ತದೆಂದು ವೆಂಕಪ್ಪ ಕೆಲಸವನ್ನೂ ಬಿಟ್ಟಿದ್ದಾರೆ, ಒಂದನ್ನು ಬಿಟ್ಟು. ಸಂಜೆ ಅಂಗಿ ಬದಲಿಸಿ, ತಲೆಗೆ ಟೋಪಿ ಇಟ್ಟು, ದಡಕ್ಕೆ ಬಂದು ಉಸ್ತಾದನ ನಟ್ಟನ್ನು ಬಿಗಿಯುತ್ತಾರೆ.

ಬಿಸಿಲೇರಿದೆ. ಭೀಮವ್ವ ಸೋರುವ ಮುಚ್ಚಳವನ್ನು ಬಿಚ್ಚುತ್ತಿದ್ದಾರೆ. ಐದು ನಟ್ಟುಗಳು ಮಣಿಕಟ್ಟಿನ ಒಂದೇ ತಿರುವಿಗೆ ಸಡಿಲಾಗುತ್ತವೆ. ಆರನೆಯದು ಜಗ್ಗುವುದಿಲ್ಲ. ತಿರುಪತಿ ಪಾನಾದ ಹಿಡಿಗೆ ಕಬ್ಬಿಣದ ಪೈಪು ಸಿಕ್ಕಿಸಿ, ಕಾಲು ಕೊಟ್ಟು ಎಳೆದಾಗ ಅದು ಕಿರ್ರನೆ ಬಿಡುತ್ತದೆ.

“ಯಪ್ಪಾ, ಇದನ್ನ ಬಿಗಿದವ್ರು ಯಾರೋ ಪೈಲ್ವಾನ್ರು,” ಅನ್ನುತ್ತಾರೆ ತಿರುಪತಿ.

ಭೀಮವ್ವ ಮುಚ್ಚಳ ತೆಗೆದು ಒಳಗಿನ ಪ್ಯಾಕಿಂಗನ್ನು ಬಿಡಿಸಿಕೊಳ್ಳುತ್ತಾರೆ. ಮುಚ್ಚಳಕ್ಕೂ ಇಂಜಿನ್ನಿಗೂ ನಡುವೆ ಕೂತು ಎಣ್ಣೆ ತಡೆಯುವ ದಪ್ಪ ಕಾಗದ ಅದು. ಐದು ತೂತುಗಳ ಸುತ್ತ ಅಚ್ಚು ಸಮನಾಗಿ ಬಿದ್ದಿದೆ. ಆರನೆಯದರ ಹತ್ತಿರ ಕಾಗದ ಹಿಂಡಿಹೋಗಿ ಹರಿದಿದೆ. ಅದನ್ನು ಹಿಡಿದುಕೊಂಡು ಅವರು ದಡದ ಮೇಲಿನ ತಗಡಿನ ಶೆಡ್ಡಿಗೆ ನಡೆಯುತ್ತಾರೆ. ಅಲ್ಲಿ ಮೊಳೆಗೆ ಹಳೆಯ ಪ್ಯಾಕಿಂಗುಗಳು ತೂಗುತ್ತವೆ; ಹೊಸದನ್ನು ಕತ್ತರಿಸುವಾಗ ಅಳತೆಗೆ ಬೇಕಾಗುತ್ತವೆ ಎಂದು ಯಾವುದನ್ನೂ ಎಸೆಯುವುದಿಲ್ಲ. ಯುಗಾದಿಯ ಸಮಯದ್ದು, ಕಾರಹುಣ್ಣಿಮೆಯ ಸಮಯದ್ದು, ಈಗಿನದು. ಮೂರನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿಯುತ್ತಾರೆ. ಮೂರರ ಹರಿದ ಮೂಲೆಯೂ ಒಂದೇ. ಆ ತೂತಿನಿಂದ ಹೊಳೆಯ ನೀರು ಕಾಣಿಸುತ್ತದೆ.

ಮೇಲಿನ ಮುಂದಿನ ನಟ್ಟಿನಿಂದ ಶುರುಮಾಡಿ ಮೇಲೊಂದು ಕೆಳಗೊಂದರಂತೆ ಬಿಗಿಯುತ್ತ ಹಿಂದಕ್ಕೆ ಬಂದರೆ ಕಡೆಗೆ ಉಳಿಯುವುದು ಯಾವಾಗಲೂ ಕೆಳಗಿನ ಹಿಂದಿನದೇ, ಉಸ್ತಾದನ ನಟ್ಟು.

ಎಷ್ಟು ಬಿಗಿಯಬೇಕೆಂದು ಕಲಿಸಿದವರೇ ವೆಂಕಪ್ಪ. “ಬೆರಳ ಬಿಗಿ ಆದಮ್ಯಾಲ ಕಾಲು ಸುತ್ತು. ನಟ್ಟು ಸಾಕು ಅಂತದ, ಕೇಳಿಸ್ಕೋಬೇಕು. ಅದರ ಮ್ಯಾಲ ತಿರುವಿದ್ರ ಅದು ಜಬರದಸ್ತಿ,” ಎಂದು ಅವರು ಹೇಳುತ್ತಿದ್ದ ಮಾತು ಭೀಮವ್ವನಿಗೆ ಬಾಯಿಪಾಠ. ನಟ್ಟು ಈಗಲೂ ಸಾಕು ಅನ್ನುತ್ತಿದೆ. ಆ ಬೆರಳುಗಳಿಗೆ ಕೇಳಿಸುವುದಿಲ್ಲ, ಅಷ್ಟೇ.

ಹೇಳಿಬಿಡಬಹುದು. ಮೂರು ಪ್ಯಾಕಿಂಗು ಮುಂದಿಟ್ಟರೆ ಅವರಿಗೆ ಮಾತೇ ಬೇಕಾಗುವುದಿಲ್ಲ, ಒಂದು ನೋಟಕ್ಕೆ ತಿಳಿಯುತ್ತದೆ. ತಿಳಿದ ಮೇಲೆ ಅವರು ಮತ್ತೆ ದಡಕ್ಕೆ ಬರುವುದಿಲ್ಲ ಎಂಬುದೂ ಅವರ ಹೆಂಡತಿಗೆ ಗೊತ್ತು. ಇಂಜಿನ್ನು ಉಳಿಯಬೇಕು. ಸಂಜೆ ಅಂಗಿ ಬದಲಿಸುವ ಆ ಮನುಷ್ಯನೂ ಉಳಿಯಬೇಕು. ಭೀಮವ್ವ ಮೂರನ್ನೂ ಮತ್ತೆ ಮೊಳೆಗೆ ಸಿಕ್ಕಿಸಿ, ಹರಿದ ಮೂಲೆಯನ್ನು ಗೋಡೆಯ ಕಡೆ ತಿರುಗಿಸಿ, ಸುರಪುರಕ್ಕೆ ಹೋಗುವ ಟಂಟಂ ಆಟೋ ಹತ್ತುತ್ತಾರೆ.

ಬಜಾರಿನಲ್ಲಿ ಪ್ಯಾಕಿಂಗ್ ಕಾಗದ ಸುತ್ತಿಸಿಕೊಂಡು ಹೊರಬಂದವರು ಬಳೆ ಅಂಗಡಿಯ ಮುಂದೆ ನಿಲ್ಲುತ್ತಾರೆ. ಅಂಗಡಿಯ ಹಜರಾಬೀ ಹಳೆಯ ಪರಿಚಯ. ಭೀಮವ್ವನ ಕೈಗಳಿಗೆ ಗಾಜಿನ ಬಳೆ ಮಾರಿ ಮಾರಿ, ಅವು ವಾರಕ್ಕೊಮ್ಮೆ ಒಡೆಯುವುದನ್ನು ಕಂಡು ಲೋಹದವಕ್ಕೆ ದಾಟಿಸಿದವರು.

“ಬರ್ರಿ ಭೀಮಕ್ಕ. ಏನು ಬೇಕು?”

“ಉಗುರಿಗೆ ಹಚ್ಚೋ ಬಣ್ಣ. ಕೆಂಪಂದು.”

ಹಜರಾಬೀ ಎಣ್ಣೆ ಕುಡಿದ ಆ ಉಗುರುಗಳನ್ನು ನೋಡಿ, ಮುಖ ನೋಡುತ್ತಾರೆ. “ಯಾರಿಗಿ? ಸೊಸಿ ತಂದೀರೇನು, ನಮಗ ದಾವತ್ ಇಲ್ಲದ?”

“ನನಗ.”

“ಹಾಯ್ ಅಲ್ಲಾ. ಮಿಸ್ತ್ರಿಗಿ ಈ ವಯಸ್ಸಿನಾಗ ಏನು ನಸೀಬು.”

“ಬಡಬಡ ಕೊಡು. ಬೋಟಿನಾಗ ಕೆಲಸ ಅದ.”

“ಉಗುರಿಗಿ ಬಣ್ಣ, ಬೋಟಿನಾಗ ಕೆಲಸ,” ಎಂದು ಹಜರಾಬೀ ಪಕ್ಕದ ಅಂಗಡಿಗೂ ಕೇಳಿಸುವಂತೆ ನಗುತ್ತಾರೆ. ಹೆಬ್ಬೆರಳಿನಷ್ಟಿರುವ ಸೀಸೆ ಭೀಮವ್ವನ ಎಲೆಯಡಿಕೆಯ ಚೀಲ ಸೇರುತ್ತದೆ.

ಮಧ್ಯಾಹ್ನದ ಕೆಲಸ ಸದ್ದಿಲ್ಲದ್ದು. ತಗಡಿನ ಮುಚ್ಚಳವನ್ನು ಕನ್ನಡಿಯ ಮೇಲೆ ಮಲಗಿಸಿದಾಗ ಆ ಮೂಲೆ ಒಳಗೆ ಕುಸಿದು, ಪಕ್ಕದಲ್ಲಿ ಉಗುರು ತೂರುವಷ್ಟು ಸಂದು ಕಾಣುತ್ತದೆ. ಮರದ ಹಲಗೆ ಕೊಟ್ಟು, ಪುಟ್ಟ ಸುತ್ತಿಗೆಯಿಂದ ತಟ್ಟಿ ತಟ್ಟಿ ಸಂದು ಮುಚ್ಚಿಸುತ್ತಾರೆ. ಕಾಗದವನ್ನು ಇಂಜಿನ್ನಿನ ಬಾಯಿಗೆ ಹಿಡಿದು ಅಂಚಿನಗುಂಟ ಸುತ್ತಿಗೆ ಆಡಿಸಿದರೆ ಕಬ್ಬಿಣವೇ ಕತ್ತರಿಯಾಗಿ ಹೊಸ ಪ್ಯಾಕಿಂಗು ಬಿಡುತ್ತದೆ. ತೆಳುವಾಗಿ ಗ್ರೀಸು ಸವರಿ ಕೂಡಿಸಿ, ಮೇಲೊಂದು, ಕೆಳಗೊಂದು ಎಂದು ನಟ್ಟು ಬಿಗಿಯುತ್ತಾರೆ. ಬೆರಳ ಬಿಗಿ, ಆಮೇಲೆ ಕಾಲು ಸುತ್ತು. ಐದನೆಯದು ಮುಗಿದಾಗ ಕೈ ತಾನಾಗಿಯೇ ಪಾನಾ ಕೆಳಗಿಡುತ್ತದೆ. ಇಪ್ಪತ್ತಕ್ಕೂ ಹೆಚ್ಚು ವರ್ಷದ ರೂಢಿ.

ಭೀಮವ್ವ ಪಾನಾವನ್ನು ಮತ್ತೆ ಎತ್ತಿಕೊಳ್ಳುತ್ತಾರೆ. ಆರನೆಯದಕ್ಕೂ ಬೆರಳ ಬಿಗಿ, ಕಾಲು ಸುತ್ತು.

ಆಮೇಲೆ ಸೀಸೆ ತೆಗೆದು ಪ್ರತಿ ನಟ್ಟಿನಿಂದ ಮುಚ್ಚಳದವರೆಗೆ ಒಂದೊಂದು ಕೆಂಪು ಗೆರೆ ಎಳೆಯುತ್ತಾರೆ. ಹೊಸ ಟ್ರ್ಯಾಕ್ಟರುಗಳ ನಟ್ಟಿನ ಮೇಲೆ ಕಾರ್ಖಾನೆಯವರು ಎಳೆದ ಹಳದಿ ಗೆರೆಯನ್ನು ಅವರು ನೋಡಿದ್ದಾರೆ. ನಟ್ಟು ಕೂದಲಷ್ಟು ತಿರುಗಿದರೂ ಗೆರೆ ಮುರಿದು ಸಾಕ್ಷಿ ಹೇಳುತ್ತದೆ. ಕಡೆಗೆ, ಹೊಗೆ ಕೊಳವೆಯನ್ನು ಹಿಡಿದಿರುವ ಕಬ್ಬಿಣದ ಪಟ್ಟಿಯ ನಟ್ಟನ್ನು ತಾವೇ ಸಡಿಲಿಸಿಡುತ್ತಾರೆ. ಅದನ್ನು ಆನೆ ಬಿಗಿದರೂ ಇಂಜಿನ್ನಿಗೆ ನೋವಿಲ್ಲ.

ಹೊತ್ತು ಇಳಿದಿದೆ. ಗೆರೆಗಳು ಒಣಗುವ ಮೊದಲೇ ವೆಂಕಪ್ಪ ಬರುತ್ತಾರೆ. ಇಸ್ತ್ರಿಯ ಅಂಗಿ, ಟೋಪಿ. ತಿರುಪತಿಯ ಭುಜ ಹಿಡಿದು ಬೋಟಿಗೆ ಇಳಿದು, ಇಂಜಿನ್ನಿನ ಸುತ್ತ ಒಮ್ಮೆ ಕಣ್ಣಾಡಿಸುತ್ತಾರೆ.

“ಎಲ್ಲಿ ಬಿಟ್ಟಿ, ಭೀಮಿ?”

“ಹೊಗಿ ಪೈಪಿಂದು ಬಿಟ್ಟೀನ್ರಿ.”

“ಮುಚ್ಚಳದ್ದು?”

“ಅದು ಆಗ್ಯಾದ.”

ವೆಂಕಪ್ಪ ಪಾನಾ ಕೈಗೆ ತಗೊಂಡವರು ಹಾಗೆಯೇ ನಿಲ್ಲುತ್ತಾರೆ. “ಈ ಕೆಂಪಂದು ಏನು? ಕುಂಕುಮ ಏನು?”

“ಗುರ್ತು ಮಾಡೀನಿ. ನಟ್ಟು ಅಳ್ಳಾಡಿದ್ರ ತಿಳೀತದ.”

ಅವರು ಬಗ್ಗಿ, ಕೆಳಗಿನ ಹಿಂದಿನ ಮೂಲೆಯ ನಟ್ಟಿನ ಮೇಲೆ ಹೆಬ್ಬೆರಳು ಇಟ್ಟು ಮೆಲ್ಲಗೆ ಸವರುತ್ತಾರೆ. ಭೀಮವ್ವನ ಕಣ್ಣು ಆ ಬೆರಳಿನ ಮೇಲೆ. ಹೊಳೆಯ ನೀರು ಬೋಟಿನ ಹಲಗೆಗೆ ಎರಡು ಸಲ ಬಡಿಯುತ್ತದೆ. ಆಮೇಲೆ ವೆಂಕಪ್ಪ ಬೆರಳು ತೆಗೆದು, ಹೊಗೆ ಕೊಳವೆಯ ನಟ್ಟಿಗೆ ಪಾನಾ ಹಚ್ಚಿ, ತೋಳಿನ ನರ ಉಬ್ಬುವಂತೆ ಎರಡು ಸುತ್ತು ಬಿಗಿಯುತ್ತಾರೆ. ಮೂರನೆಯದಕ್ಕೆ ಮೊದಲು ನಿಂತು ಹೆಂಡತಿಯ ಕಡೆ ತಿರುಗುತ್ತಾರೆ.

“ಇಷ್ಟು ಸಾಕೇನು?”

ಇಷ್ಟು ವರ್ಷದಲ್ಲಿ ಅವರು ಈ ಮಾತು ಕೇಳಿದ್ದು ಇದೇ ಮೊದಲು.

“ಸಾಕ್ರಿ,” ಅನ್ನುತ್ತಾರೆ ಭೀಮವ್ವ.

ವೆಂಕಪ್ಪನವರ ಹೆಬ್ಬೆರಳಿಗೆ ಹಸಿ ಬಣ್ಣ ಅಂಟಿದೆ. ಅವರಿಗದು ತಿಳಿದಿಲ್ಲ. ಗೆರೆ ಸ್ವಲ್ಪ ಕದಡಿದೆ, ಮುರಿದಿಲ್ಲ.

ಮರುದಿನ ಮುಂಜಾನೆ ಲಿಂಗಣ್ಣ ಅಂಗಡಿಯ ಮಡಿಕೆ ಮುರಿಯದ ಹೊಸ ದಸ್ತಿಯನ್ನೇ ತಂದಿದ್ದಾರೆ. ಇಂಜಿನ್ನಿನ ಕೆಳಗಿನ ತಗಡಿನ ತಟ್ಟೆಯಲ್ಲಿ ಅದನ್ನು ತಾವೇ ಹಾಸಿ, ಕೂತುಕೊಳ್ಳುತ್ತಾರೆ. ಬೋಟು ತುಂಬ ಜನ, ಟೋಪಿ ಇಟ್ಟ ವೆಂಕಪ್ಪನವರೂ ಇದ್ದಾರೆ. ಪರೀಕ್ಷೆ ಇಂಜಿನ್ನಿನದು, ಕುತೂಹಲ ಎಲ್ಲರದು. ಒಂದು ಸಲ ಗಡ್ಡಿ ಮುಟ್ಟಿ ಬಂದಾಯಿತು. ಎರಡನೆಯ ಸಲ ಹೊಳೆಯ ನಡುವೆ ಸೆಳವು ಜೋರಿದ್ದಲ್ಲಿ ಇಂಜಿನ್ನು ಏದುಸಿರು ಬಿಡುತ್ತದೆ. ಲಾಲಮ್ಮ ಬುಟ್ಟಿಯ ಮೇಲೆ ಕೈ ಇಟ್ಟು ಕಣ್ಣು ಮುಚ್ಚುತ್ತಾರೆ. ಭೀಮವ್ವ ದಸ್ತಿಯನ್ನು ನೋಡುತ್ತಿಲ್ಲ, ಕೆಂಪು ಗೆರೆಗಳನ್ನು ನೋಡುತ್ತಿದ್ದಾರೆ. ಆರೂ ನೆಟ್ಟಗಿವೆ.

ದಡ ಮುಟ್ಟಿದ ಮೇಲೆ ಲಿಂಗಣ್ಣ ದಸ್ತಿಯನ್ನು ಎತ್ತಿ, ಎರಡೂ ಮಗ್ಗುಲು ತಿರುವಿ, ಬಿಸಿಲಿಗೆ ಹಿಡಿಯುತ್ತಾರೆ. ಬೂದಿಯ ನಾಲ್ಕು ಕಣ ಬಿಟ್ಟರೆ ಏನೂ ಇಲ್ಲ.

“ಮಾರಾಕ ಬರಂಗ ಅದ,” ಎಂದು ಮಡಚಿ ಬಗಲಲ್ಲಿಟ್ಟುಕೊಳ್ಳುತ್ತಾರೆ. “ಇಂಜಿನ್ನು ಇರ್ಲಿ. ವೆಂಕಪ್ಪ ಮಿಸ್ತ್ರಿ, ನಿಮ್ಮ ಕೈ ಅಂದ್ರ ಕೈ. ಪೂಜಾ ಸೈತ ಮಾಡೀರಿ ಕಾಣಸ್ತದ, ಬೆರಳಿಗಿ ಕುಂಕುಮ ಅದ.”

ವೆಂಕಪ್ಪ ಹೆಬ್ಬೆರಳನ್ನು ಕಣ್ಣಿನ ಹತ್ತಿರ ತಂದು ನೋಡಿಕೊಳ್ಳುತ್ತಾರೆ. ಆ ಕೆಂಪನ್ನು ಇನ್ನೊಂದು ಬೆರಳಿನಿಂದ ಉಜ್ಜುತ್ತಾರೆ. ಅದು ಹೋಗುವುದಿಲ್ಲ. “ಪೂಜಾ ಇಕಿ ಮಾಡ್ಯಾಳ್ರಿ,” ಅನ್ನುತ್ತಾರೆ.

ಶೆಡ್ಡಿನಲ್ಲಿ ಬೋನಾಳದ ಪಂಪಿನ ಇಂಜಿನ್ನು ಮರಮ್ಮತ್ತಿಗೆ ಬಂದು ಕೂತಿದೆ. ಭೀಮವ್ವ ಮೂಲೆಯ ಒಲೆ ಹೊತ್ತಿಸುತ್ತಾರೆ. ಕಟ್ಟಿಗೆ ಹಸಿ, ಹೊಗೆಯಾಡುತ್ತದೆ. ಮೊಳೆಯ ಕಡೆ ನೋಡಿ, ಹರಿದ ಮೂರು ಪ್ಯಾಕಿಂಗುಗಳನ್ನು ಬಿಡಿಸಿಕೊಂಡು, ಮಡಚಿ, ಒಲೆಗೆ ಹಾಕುತ್ತಾರೆ. ಎಣ್ಣೆ ಕುಡಿದ ಕಾಗದ ಭಗ್ಗನೆ ಹೊತ್ತಿಕೊಳ್ಳುತ್ತದೆ.

“ಏನು ಸುಡಾಕತ್ತಿ? ವಾಸನಿ ಬರ್ತದ,” ಹೊರಗೆ ಕಟ್ಟೆಯ ಮೇಲಿಂದ ವೆಂಕಪ್ಪ ಕೇಳುತ್ತಾರೆ.

“ಹಳೀ ಪ್ಯಾಕಿಂಗು.”

“ಅಳತೀಗಿ ಬೇಕಾಗ್ತಾವಲ್ಲ?”

“ಹೊಸ ಅಳತಿ ತಗೊಂಡೀನ್ರಿ.”

ಚಹಾ ಕುದಿಯುತ್ತದೆ. ಭೀಮವ್ವ ಗ್ಲಾಸು ತುಂಬಿ, ಕೆನ್ನೆಗೆ ಮುಟ್ಟಿಸಿ, ಇನ್ನೂ ಸುಡುತ್ತದೆಂದು ಕೈಯಲ್ಲೇ ಹಿಡಿದು ನಿಲ್ಲುತ್ತಾರೆ. ಅದು ಆರುವ ತನಕ ಅವರ ಕಣ್ಣು ಬೋನಾಳದ ಇಂಜಿನ್ನಿನ ಮೈಮೇಲೆ ಒಂದೊಂದೇ ನಟ್ಟು ಎಣಿಸುತ್ತ ಹೋಗುತ್ತದೆ. ನೀರಿನ ಪೈಪಿನ ಪಟ್ಟಿಯ ಮೇಲಿನ ತುಕ್ಕು ಹಿಡಿದ ದಪ್ಪ ನಟ್ಟಿನ ಮೇಲೆ ನಿಲ್ಲುತ್ತದೆ. ಅದು ವೆಂಕಪ್ಪನವರ ಪಾಲಿನ ಉಸ್ತಾದನ ನಟ್ಟು. ಉಳಿದ ಹದಿನೆಂಟಕ್ಕೂ ಕೆಂಪು ಗೆರೆ.